ನಮ್ಮಿಂದ ಬಾವಲಿಗೆ ಹೋದ ಕಾಯಿಲೆ



ಬಾವಲಿ ಅಂದ ಕೂಡಲೇ ಈಗ ನಮಗೆಲ್ಲ ನೆನಪಾಗೋದು ಕಾಯಿಲೆ. 2018ರಲ್ಲಿ ಕೇರಳದ ಕೋಯಿಕ್ಕೋಡ್‌ನಲ್ಲಿ ನಿಪಾ ಕಾಣಿಸಿಕೊಂಡಾಗ ಗಡಿಯಾಚೆಯ ನಮಗೂ ಭಯ ಹತ್ತಿತ್ತು. ಎರಡೇ ವರ್ಷಕ್ಕೆ ಕೊರೊನಾ ಬಂತು, ಬಾವಲಿಯ ಮೇಲಿನ ಅನುಮಾನ ಇನ್ನೂ ಗಟ್ಟಿಯಾಯ್ತು. ನಿಪಾ ಬಗ್ಗೆ ಹಿಂದೆ ನಾವು ಮಾತಾಡಿದ್ದ ಸಂಚಿಕೆ ಕೇಳಿದ ಒಬ್ಬರು ಆಮೇಲೆ ನನ್ನ ಹತ್ತಿರ ಒಂದು ಪ್ರಶ್ನೆ ಕೇಳಿದ್ರು. "ಬಾವಲಿಯಿಂದ ನಮಗೆ ಏನೇನು ಬರುತ್ತೆ ಅಂತ ಹೇಳಿದ್ರಿ, ಸರಿ. ನಮ್ಮಿಂದ ಬಾವಲಿಗೆ ಏನಾದ್ರೂ ಹೋಗುತ್ತಾ?"

ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಓದ್ತಾ ಹೋದಾಗ ಗೊತ್ತಾಯ್ತು, ಹೋಗುತ್ತೆ. ಒಂದು ಸಲ ಹೋಗಿದೆ ಅಂತಲೇ ಬಲವಾದ ಸುಳಿವುಗಳಿವೆ. ಲಕ್ಷಗಟ್ಟಲೆ ಬಾವಲಿಗಳು ಸತ್ತಿವೆ. ಅದರ ಪೆಟ್ಟು ತಿರುಗಿ ಮನುಷ್ಯರ ಮನೆಗೇ, ಅದೂ ತೊಟ್ಟಿಲಲ್ಲಿರುವ ಮಕ್ಕಳವರೆಗೆ ಬಂದಿದೆ. ಇವತ್ತು ಆ ಕಥೆ. ನಡೆದದ್ದು ಅಮೆರಿಕದಲ್ಲಿ. ಕೊನೆಗೆ ನಮ್ಮ ಕೋಲಾರಕ್ಕೂ ಒಂದು ಸುತ್ತು ಬರ್ತೀನಿ.

2006ರ ಫೆಬ್ರವರಿ. ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದ ಪಶ್ಚಿಮಕ್ಕೆ ಹೋವ್ಸ್ ಕೇವ್ ಅನ್ನೋ ಗುಹೆ ಇದೆ. ಗುಹೆ ಸುತ್ತುವ ಹವ್ಯಾಸದವರೊಬ್ಬರು ಅಲ್ಲಿ ಒಂದು ಫೋಟೋ ತೆಗೆದರು. ಚಳಿಗಾಲದ ನಿದ್ದೆಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಬಾವಲಿಗಳ ಮೂತಿಗೆ ಬಿಳಿ ಪುಡಿ ಮೆತ್ತಿದ ಹಾಗಿತ್ತು. ಹಳೇ ಬ್ರೆಡ್ಡಿನ ಮೇಲೆ ಬೂಷ್ಟು ಬರುತ್ತಲ್ಲ, ಹಾಗೆ. ಆಗ ಯಾರೂ ಅದಕ್ಕೆ ಅಷ್ಟು ಬೆಲೆ ಕೊಡಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ವಿಚಿತ್ರವಾದ ಸುದ್ದಿಗಳು ಬರತೊಡಗಿದವು. ನೆಲದ ಮೇಲೆ ಹಿಮ ಬಿದ್ದಿದೆ, ಹಾರೋದಕ್ಕೆ ಒಂದು ಹುಳವೂ ಇಲ್ಲ, ಆದರೂ ಬಾವಲಿಗಳು ಹಾಡಹಗಲೇ ಹೊರಗೆ ಬಂದು ಹಾರಾಡುತ್ತಿವೆ. ರಾಜ್ಯದ ಜೀವವಿಜ್ಞಾನಿಗಳು ಗುಹೆಯೊಳಗೆ ಹೋಗಿ ನೋಡಿದರೆ ನೆಲದ ತುಂಬ ಸತ್ತ ಬಾವಲಿಗಳು.

ಆ ಕಾಯಿಲೆಗೆ ವೈಟ್ ನೋಸ್ ಸಿಂಡ್ರೋಮ್ ಅಂತ ಹೆಸರು ಬಂತು. ನಾವು 'ಬಿಳಿಮೂಗಿನ ರೋಗ' ಅನ್ನೋಣ. ಕಾರಣ ವೈರಸ್ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ, ಒಂದು ಶಿಲೀಂಧ್ರ. ಹೆಸರು ನಾಲಿಗೆ ಹೊರಳಲ್ಲ, ಆದರೂ ಹೇಳಿಬಿಡ್ತೀನಿ: ಸ್ಯೂಡೋಜಿಮ್ನೊಆಸ್ಕಸ್ ಡಿಸ್ಟ್ರಕ್ಟನ್ಸ್. ಕೊನೆಯ ಪದ ಮಾತ್ರ ನೆನಪಿಟ್ಟುಕೊಂಡರೆ ಸಾಕು, ನಾಶಮಾಡುವಂಥದ್ದು ಅಂತ ಅದರ ಅರ್ಥ. ಬಾವಲಿಗಳನ್ನು ಕೊಲ್ಲುತ್ತಿರುವುದು ಇದೇ ಶಿಲೀಂಧ್ರ ಅನ್ನೋದು 2011ರಲ್ಲಿ ಪ್ರಯೋಗದಿಂದ ಖಚಿತವಾಯ್ತು.

ಒಂದು ಬೂಷ್ಟು ಹೇಗೆ ಪ್ರಾಣ ತೆಗೆಯುತ್ತೆ? ಇದು ಅರ್ಥವಾದರೆ ಮುಂದಿನದೆಲ್ಲ ಅರ್ಥವಾಗುತ್ತೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಅಲ್ಲಿನ 'ಲಿಟಲ್ ಬ್ರೌನ್ ಬ್ಯಾಟ್', ಅಂದ್ರೆ ಪುಟ್ಟ ಕಂದು ಬಾವಲಿಯನ್ನೇ ತಗೊಳ್ಳಿ. ತೂಕ ಹೆಚ್ಚುಕಡಿಮೆ ನಮ್ಮ ಒಂದು ಹತ್ತು ರೂಪಾಯಿ ನಾಣ್ಯದಷ್ಟು. ತಿನ್ನೋದು ಹುಳುಹುಪ್ಪಟೆ. ಚಳಿಗಾಲದಲ್ಲಿ ಹುಳ ಸಿಗಲ್ಲ. ಹಾಗಾಗಿ ಚಳಿ ಬರೋ ಮೊದಲೇ ಚೆನ್ನಾಗಿ ತಿಂದು ಮೈಗೆ ಕೊಬ್ಬು ತುಂಬಿಕೊಂಡು, ತಂಪಾದ ಗುಹೆ ಸೇರಿ ತಿಂಗಳುಗಟ್ಟಲೆ ಮಲಗಿಬಿಡುತ್ತೆ. ನಮ್ಮ ನಿದ್ದೆ ಥರ ಅಲ್ಲ ಇದು. ಮೈಯ ಬಿಸಿ ಇಳಿದು ಗುಹೆಯ ತಂಪಿಗೆ ಹತ್ತಿರ ಬರುತ್ತೆ. ನಿಮಿಷಕ್ಕೆ ನೂರಾರು ಸಲ ಹೊಡೆದುಕೊಳ್ಳುವ ಹೃದಯ ಹತ್ತಿಪ್ಪತ್ತಕ್ಕೆ ಇಳಿಯುತ್ತೆ. ದೇಹದ ರೋಗನಿರೋಧಕ ಶಕ್ತಿಯೂ ಹೆಚ್ಚುಕಡಿಮೆ ಮಲಗಿರುತ್ತೆ. ಮನೆಯಲ್ಲಿ ದೀಪ ಆರಿಸಿ, ಕಾವಲುಗಾರನನ್ನೂ ರಜೆಗೆ ಕಳಿಸಿದ ಹಾಗೆ.

ಈ ಶಿಲೀಂಧ್ರಕ್ಕೆ ಬೇಕಾದ್ದೂ ಅದೇ. ಇದು ತಂಪನ್ನು ಇಷ್ಟಪಡುವ ಜೀವಿ. ಹದಿನೈದು ಡಿಗ್ರಿಯೊಳಗಿನ ಚಳಿಯಲ್ಲಿ ಸೊಗಸಾಗಿ ಬೆಳೆಯುತ್ತೆ, ಇಪ್ಪತ್ತು ದಾಟಿದರೆ ಬೆಳೆಯೋದಿಲ್ಲ. ಎಚ್ಚರವಾಗಿರುವ ಬಾವಲಿಯ ಬಿಸಿ ಮೈಮೇಲೆ ಇದರ ಆಟ ನಡೆಯಲ್ಲ. ಮಲಗಿದ ತಣ್ಣನೆಯ ಬಾವಲಿ ಸಿಕ್ಕಿದರೆ ಮೂಗು, ಕಿವಿ, ಎಲ್ಲಕ್ಕಿಂತ ಹೆಚ್ಚಾಗಿ ರೆಕ್ಕೆಯ ತೆಳು ಚರ್ಮದೊಳಕ್ಕೆ ಇಳಿಯುತ್ತೆ.

ಆರೋಗ್ಯವಾಗಿರುವ ಬಾವಲಿಯೂ ಚಳಿಗಾಲದಲ್ಲಿ ಆಗಾಗ, ಸುಮಾರು ಎರಡು ವಾರಕ್ಕೊಮ್ಮೆ ಎಚ್ಚರವಾಗುತ್ತೆ. ಆದರೆ ಹೀಗೆ ಎಚ್ಚರವಾಗೋದು ಬಹಳ ದುಬಾರಿ. ಚಳಿಗೆ ತಣ್ಣಗಾಗಿ ನಿಂತ ಹಳೇ ಟ್ರ್ಯಾಕ್ಟರ್ ಸ್ಟಾರ್ಟ್ ಮಾಡೋದು ನೋಡಿದೀರಲ್ಲ, ಹಾಗೆ. ಇಡೀ ಚಳಿಗಾಲದಲ್ಲಿ ಕರಗುವ ಕೊಬ್ಬಿನ ಬಹುಪಾಲು ಈ ಕೆಲವು ಎಚ್ಚರಗಳಿಗೇ ಖರ್ಚಾಗುತ್ತೆ. ರೋಗ ತಗುಲಿದ ಬಾವಲಿ ಪದೇ ಪದೇ ಎಚ್ಚರವಾಗುತ್ತೆ. ರೆಕ್ಕೆ ಹಾಳಾಗಿ ಮೈಯ ನೀರು ಆರುತ್ತೆ, ಬಾಯಾರುತ್ತೆ. ವಸಂತದವರೆಗೂ ಬರಬೇಕಿದ್ದ ಬುತ್ತಿ ನಡುದಾರಿಯಲ್ಲೇ ಖಾಲಿ. ಕೊನೆಗೆ ಹಸಿವು ತಡೆಯಲಾರದೆ ಹಿಮದೊಳಗೆ ಹಾರಿ ಹೋಗುತ್ತೆ. ಜನ ಹಗಲಲ್ಲಿ ನೋಡಿದ್ದು ಇಂಥ ಬಾವಲಿಗಳನ್ನೇ.

2012ರ ಹೊತ್ತಿಗೆ ಸತ್ತವುಗಳ ಅಂದಾಜು 57 ಲಕ್ಷದಿಂದ 67 ಲಕ್ಷ. ಕಾಯಿಲೆ ಅಲ್ಲಿಗೇ ನಿಲ್ಲಲಿಲ್ಲ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಪುಟ್ಟ ಕಂದು ಬಾವಲಿ, ಉತ್ತರದ ಉದ್ದಕಿವಿ ಬಾವಲಿ, ಮುಬ್ಬಣ್ಣದ ಬಾವಲಿ ಈ ಮೂರು ಜಾತಿಗಳ ಲೆಕ್ಕ ಹಾಕಿತು. ರೋಗ ಮುಟ್ಟಿದ ಕಡೆ ಹತ್ತು ವರ್ಷದೊಳಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಬಾವಲಿಗಳು ಹೋಗಿದ್ದವು. ಉದ್ದಕಿವಿ ಬಾವಲಿಯನ್ನು 2022ರಲ್ಲಿ ಅಮೆರಿಕ ಸರ್ಕಾರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಇಲಿಯ ಹಾಗೆ ವರ್ಷಕ್ಕೆ ಹತ್ತಾರು ಮರಿ ಹಾಕುವ ಪ್ರಾಣಿಯಾಗಿದ್ದರೆ ನಾಲ್ಕು ವರ್ಷದಲ್ಲಿ ಚೇತರಿಸಿಕೊಳ್ಳುತ್ತಿತ್ತೇನೋ. ಪುಟ್ಟ ಕಂದು ಬಾವಲಿ ಹಾಕೋದು ವರ್ಷಕ್ಕೆ ಒಂದೇ ಮರಿ. ಮೂವತ್ತು ವರ್ಷ ದಾಟಿ ಬದುಕಿದ ದಾಖಲೆ ಇರುವ ಜೀವಿ ಇದು. ಇಂಥದ್ದರಲ್ಲಿ ಹತ್ತರಲ್ಲಿ ಒಂಬತ್ತು ಹೋದರೆ ಆ ಜಾಗ ತುಂಬೋದಕ್ಕೆ ನಮ್ಮ ಮೊಮ್ಮಕ್ಕಳ ಕಾಲ ಬರಬೇಕು.

ಸರಿ, ಈ ಶಿಲೀಂಧ್ರ ಎಲ್ಲಿಂದ ಬಂತು? ಯುರೋಪಿನ, ಏಷ್ಯಾದ ಗುಹೆಗಳಲ್ಲಿ ಇದು ಬಹಳ ಹಿಂದಿನಿಂದ ಇದೆ. ಅಲ್ಲಿನ ಬಾವಲಿಗಳಿಗೂ ತಗುಲುತ್ತೆ. ಆದರೆ ಗುಂಪುಗುಂಪಾಗಿ ಸಾಯೋದಿಲ್ಲ. ಕಾಲಾಂತರದಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ಯುರೋಪಿನ ಶಿಲೀಂಧ್ರದಲ್ಲಿ ಬಗೆಬಗೆಯ ವಂಶಗಳು ಕಾಣುತ್ತವೆ. ಅಮೆರಿಕದಲ್ಲಿರೋದೆಲ್ಲ ಒಂದೇ ಅಚ್ಚಿನದು. ಅಂದ್ರೆ ಹೊರಗಿನಿಂದ ಬಂದ ಒಂದು ಬೀಜದಿಂದ ಹರಡಿದ ಹಾಗಿದೆ. ಬಾವಲಿಗಳು ಅಟ್ಲಾಂಟಿಕ್ ಸಾಗರ ದಾಟಿ ಆ ಗುಹೆಗೆ ಬಂದು ಮಲಗುವುದಿಲ್ಲ. ದಾಟೋದು ಮನುಷ್ಯ, ಅವನ ಬೂಟು, ಹಗ್ಗ, ಬ್ಯಾಗು. ಯಾರ ಬೂಟು ಅಂತ ಬೆರಳು ತೋರಿಸೋಕೆ ಆಗಲ್ಲ, ತೋರಿಸೋದರಲ್ಲಿ ಅರ್ಥವೂ ಇಲ್ಲ. ಕೆಟ್ಟ ಉದ್ದೇಶದಿಂದ ಯಾರೂ ತಂದದ್ದಲ್ಲ. ಗುಹೆ ನೋಡಿ ಖುಷಿಪಟ್ಟು ಬಂದವರ ಕಾಲಿಗೆ ಮೆತ್ತಿದ ಮಣ್ಣು ಅಷ್ಟೇ.

ಒಮ್ಮೆ ಬಂದ ಮೇಲೆ ಹರಡೋ ಕೆಲಸವನ್ನು ಹೆಚ್ಚಾಗಿ ಬಾವಲಿಗಳೇ ಮಾಡಿದವು. ಅವು ಒತ್ತೊತ್ತಾಗಿ ಮಲಗುತ್ತವೆ, ಮೈಗೆ ಮೈ ತಾಗುತ್ತೆ. ಆದರೆ 2016ರಲ್ಲಿ ಒಂದು ಆಘಾತ ಕಾದಿತ್ತು. ಅಲ್ಲಿಯವರೆಗೆ ರೋಗದ ಗಡಿ ಅಮೆರಿಕದ ನಡುಭಾಗದಲ್ಲಿತ್ತು. ಇದ್ದಕ್ಕಿದ್ದ ಹಾಗೆ ಪಶ್ಚಿಮ ತೀರದ ವಾಷಿಂಗ್ಟನ್ ರಾಜ್ಯದಲ್ಲಿ ಕಾಣಿಸಿಕೊಂಡಿತು. ನಡುವೆ ಸುಮಾರು ಎರಡು ಸಾವಿರ ಕಿಲೋಮೀಟರ್ ಅಂತರ. ಅಷ್ಟು ದೂರದ ಜಿಗಿತ ನೋಡಿದವರಿಗೆ ಮತ್ತೆ ಮನುಷ್ಯರ ಓಡಾಟದ ನೆನಪೇ ಬಂತು.

ಈಗ ಮುಖ್ಯ ಪ್ರಶ್ನೆ. ಕಾಪಾಡೋದು ಹೇಗೆ?

ನಮಗೆಲ್ಲ ಮೊದಲು ಹೊಳೆಯೋದು ಔಷಧಿ ಹೊಡೆಯೋದು. ತೆಂಗಿಗೆ, ಅಡಿಕೆಗೆ ಹೊಡೆದ ಹಾಗೆ ಗುಹೆಗೂ ಹೊಡೆದರೆ ಆಗಲ್ವಾ? ಆಗಲ್ಲ. ಗುಹೆ ತೋಟ ಅಲ್ಲ. ಅಲ್ಲಿ ಕಣ್ಣಿಗೆ ಕಾಣದ ನೂರಾರು ಬಗೆಯ ಒಳ್ಳೆಯ ಶಿಲೀಂಧ್ರಗಳಿವೆ, ಬೇರೆಲ್ಲೂ ಬದುಕದ ಕುರುಡು ಹುಳುಗಳಿವೆ, ಸೋರಿ ಹರಿಯುವ ನೀರಿದೆ. ಆ ನೀರು ಯಾರದ್ದೋ ಬಾವಿಗೆ ಹೋಗುತ್ತೆ. ಒಂದನ್ನು ಕೊಲ್ಲೋಕೆ ಹೋಗಿ ಎಲ್ಲವನ್ನೂ ಕೊಲ್ಲೋ ಅಪಾಯ. ಇನ್ನೊಂದು ಕಷ್ಟ ಅಂದ್ರೆ, ಬಾವಲಿಯೇ ಇಲ್ಲದಿದ್ದರೂ ಈ ಶಿಲೀಂಧ್ರದ ಬೀಜಕಣಗಳು ಗುಹೆಯಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಜೊತೆಗೆ, ಔಷಧಿ ಹಚ್ಚೋಕೆ ಹೋಗಿ ಮಲಗಿದ ಬಾವಲಿಯನ್ನು ಎಬ್ಬಿಸಿದರೆ ನಾವೇ ಅದರ ಕೊಬ್ಬು ಕರಗಿಸಿದ ಹಾಗೆ. ರೋಗ ಮಾಡೋ ಕೆಲಸವನ್ನೇ ವೈದ್ಯನೂ ಮಾಡಿದಂತಾಗುತ್ತೆ.

ಹಾಗಾಗಿ ವಿಜ್ಞಾನಿಗಳು ಬೇರೆ ಬೇರೆ ಬಾಗಿಲು ತಟ್ಟಿದರು. ನನಗೆ ತುಂಬ ಹಿಡಿಸಿದ್ದು ಬಾಳೆಹಣ್ಣಿನ ಕಥೆ. ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಒಂದು ಬ್ಯಾಕ್ಟೀರಿಯಾ ಮೇಲೆ ಕೆಲಸ ನಡೆಯುತ್ತಿತ್ತು, ಹಣ್ಣು ಬೇಗ ಮಾಗದ ಹಾಗೆ ತಡೆಯೋಕೆ. ಅದು ಹೊರಬಿಡುವ ಅಂಶಗಳಿರುವ ಕಡೆ ಹಣ್ಣಿನ ಮೇಲೆ ಬೂಷ್ಟು ಕಮ್ಮಿಯಾಗೋದು ಗಮನಕ್ಕೆ ಬಂತು. ಹಣ್ಣಿನ ಬೂಷ್ಟು ತಡೆದರೆ ಬಾವಲಿಯದ್ದೂ ತಡೆಯಬಹುದಲ್ಲ? ಪ್ರಯತ್ನಿಸಿದರು. ಹಾಗೆ ಚಿಕಿತ್ಸೆ ಪಡೆದ ಕೆಲವು ಬಾವಲಿಗಳನ್ನು 2015ರ ಮೇ ತಿಂಗಳಲ್ಲಿ ಮಿಸೌರಿ ರಾಜ್ಯದ ಒಂದು ಗುಹೆಯ ಹತ್ತಿರ ಮತ್ತೆ ಕಾಡಿಗೆ ಬಿಟ್ಟರು.

ಇನ್ನೊಂದು ದಾರಿ ಬೆಳಕು. ಈ ಶಿಲೀಂಧ್ರ ಕತ್ತಲಲ್ಲೇ ಇದ್ದು ಇದ್ದು, ನೇರಳಾತೀತ ಬೆಳಕಿನಿಂದ ತನ್ನ ಡಿಎನ್‌ಎಗೆ ಆಗುವ ಪೆಟ್ಟನ್ನು ಸರಿಪಡಿಸಿಕೊಳ್ಳುವ ಒಂದು ಮುಖ್ಯ ಕಿಣ್ವವನ್ನೇ ಕಳೆದುಕೊಂಡಿದೆ ಅಂತ 2018ರಲ್ಲಿ ಗೊತ್ತಾಯ್ತು. ಪ್ರಯೋಗಾಲಯದಲ್ಲಿ ಕೆಲವೇ ಸೆಕೆಂಡುಗಳ ಬೆಳಕಿಗೆ ಬಹುಪಾಲು ಸತ್ತುಹೋಗುತ್ತೆ. ಶತ್ರುವಿನ ಮರ್ಮ ಸಿಕ್ಕಿದೆ ಅನ್ನಿ. ಆದರೆ ಬಂಡೆಯ ಬಿರುಕಿನಲ್ಲಿ ಮಲಗಿದ ಸಾವಿರಾರು ಬಾವಲಿಗಳ ಮಡಿಸಿದ ರೆಕ್ಕೆಯೊಳಕ್ಕೆ ಬೆಳಕು ಹಾಯಿಸೋದು ಬೇರೆ ಮಾತು.

ಮೂರನೆಯದು ಲಸಿಕೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ವನ್ಯಜೀವಿ ಆರೋಗ್ಯ ಕೇಂದ್ರ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿ ಮಾಡಿದ ಕೆಲಸ ಇದು. ರಕೂನ್ ಅನ್ನೋ ಪ್ರಾಣಿಯ ಸಿಡುಬಿನ ವೈರಸ್ಸನ್ನು ವಾಹಕವಾಗಿ ಬಳಸಿ, ಶಿಲೀಂಧ್ರದ ಗುರುತನ್ನು ಬಾವಲಿಯ ದೇಹಕ್ಕೆ ಮೊದಲೇ ಪರಿಚಯ ಮಾಡಿಕೊಡೋದು. 2019ರಲ್ಲಿ ಬಂದ ಫಲಿತಾಂಶ ಭರವಸೆ ಕೊಟ್ಟಿತು, ಆಮೇಲೆ ಕಾಡಿನ ಬಾವಲಿಗಳ ಮೇಲೂ ಪ್ರಯೋಗ ನಡೆಯಿತು. ಆದರೆ ಕಾಡುಪ್ರಾಣಿಗೆ ಲಸಿಕೆ ಅಂದ್ರೆ ನಮ್ಮ ಪಲ್ಸ್ ಪೋಲಿಯೊ ಥರ ಬೂತ್ ಹಾಕಿ ಕೂರೋಕಾಗುತ್ತಾ? ಒಂದೊಂದನ್ನೇ ಹಿಡಿಯಬೇಕು, ಬಾಯಿಗೆ ಹಾಕಬೇಕು, ಬಿಡಬೇಕು.

ಇಷ್ಟೆಲ್ಲದರ ನಡುವೆ ಬಹಳ ಸರಳವಾದ ಎರಡು ಸಂಗತಿ ತಿಳಿದುಬಂತು. ಒಂದು, ರೋಗದ ನಡುವೆಯೂ ಬದುಕಿ ಉಳಿದಿರುವ ಬಾವಲಿಗಳು ಮೊದಲಿನವುಗಳಿಗಿಂತ ದಪ್ಪಗಿವೆ. ಬುತ್ತಿ ದೊಡ್ಡದಿದ್ದರೆ ದಾರಿ ಸವೆಸಬಹುದು, ಅಷ್ಟೇ ಗುಟ್ಟು. ಇದನ್ನು ಹಿಡಿದುಕೊಂಡ ಬ್ಯಾಟ್ ಕನ್ಸರ್ವೇಶನ್ ಇಂಟರ್‌ನ್ಯಾಷನಲ್ ಸಂಸ್ಥೆಯವರು ಗುಹೆಗಳ ಹತ್ತಿರ ದೀಪ ಹಚ್ಚಿ ಹುಳ ಸೇರಿಸಿ, ಚಳಿಗಾಲದ ಮುಂಚೆ ಬಾವಲಿಗೆ ಊಟ ಸುಲಭವಾಗಿ ಸಿಗುವ ಹಾಗೆ ಮಾಡಿ ನೋಡಿದರು. ಎರಡು, ಹೆಚ್ಚು ತಂಪಾದ ಜಾಗದಲ್ಲಿ ಮಲಗಿದ ಬಾವಲಿಗಳು ಹೆಚ್ಚು ಉಳಿಯುತ್ತಿವೆ, ಯಾಕಂದ್ರೆ ಅಲ್ಲಿ ಶಿಲೀಂಧ್ರವೂ ನಿಧಾನ. ಪೆನ್ಸಿಲ್ವೇನಿಯಾದಲ್ಲಿ ಹಳೇ ಗಣಿ, ಸುರಂಗಗಳ ಗಾಳಿಯ ದಾರಿ ಬದಲಿಸಿ ಒಳಗೆ ಇನ್ನಷ್ಟು ತಂಪಾಗುವಂತೆ ಮಾಡಿದರು. ಬಾವಲಿಗಳು ಆ ತಂಪಿನ ಕಡೆಗೇ ಸರಿದವು. ಇಲ್ಲಿ ಬಾವಲಿಯನ್ನು ಯಾರೂ ಮುಟ್ಟಲಿಲ್ಲ, ಮನೆಯನ್ನಷ್ಟೇ ಸರಿಮಾಡಿದರು ಅನ್ನೋದು ಗಮನಿಸಿ.

ಇವೆಲ್ಲಕ್ಕಿಂತ ಮೊದಲು, 2009ರಿಂದಲೇ ನಡೆಯುತ್ತಿರುವ ಕೆಲಸ ಇನ್ನೊಂದಿದೆ: ಒಯ್ಯದೇ ಇರುವುದು. ಬಾವಲಿಗಳಿರುವ ಗುಹೆಗಳನ್ನು ಮುಚ್ಚಿದರು. ಒಳಗೆ ಹೋಗಲೇಬೇಕಾದ ಸಂಶೋಧಕರು ಬಟ್ಟೆ, ಬೂಟು, ಹಗ್ಗ ಎಲ್ಲವನ್ನೂ ತೊಳೆದು, ಕನಿಷ್ಠ 55 ಡಿಗ್ರಿ ಬಿಸಿಯ ನೀರಲ್ಲಿ ಮುಳುಗಿಸಿಡುವ ನಿಯಮ ಬಂತು. ಅಮೆರಿಕದಲ್ಲಿರುವ ನಮ್ಮ ಕೇಳುಗರಲ್ಲಿ ಕೆಂಟಕಿಯ ಮ್ಯಾಮತ್ ಕೇವ್ ನೋಡಿದವರು ಇರಬಹುದು. ಗುಹೆಯಿಂದ ಹೊರಬರುವಾಗ ಒದ್ದೆ ಮ್ಯಾಟ್ ಮೇಲೆ ನಡೆಸುತ್ತಾರೆ, ಅಂಗಾಲಿನ ಮಣ್ಣು ಅಲ್ಲೇ ಉಳಿಯಲಿ ಅಂತ. ಅದು ಯಾಕೆ ಅಂತ ಈಗ ಗೊತ್ತಾಯ್ತಲ್ಲ. 2020ರಲ್ಲಿ ಕೊರೊನಾ ಬಂದಾಗಲೂ ಬಾವಲಿ ಸಂಶೋಧಕರು ಮಾಡಿದ್ದು ಇದನ್ನೇ. ತಮ್ಮಿಂದ ಬಾವಲಿಗೆ ವೈರಸ್ ಹೋಗದಿರಲಿ ಅಂತ ಹಲವೆಡೆ ಹಿಡಿಯುವ ಕೆಲಸ ನಿಲ್ಲಿಸಿದರು, ಆಮೇಲೆ ಮಾಸ್ಕ್ ಹಾಕಿಕೊಂಡು ಹೋದರು.

ಇಷ್ಟು ಕೇಳಿದ ಮೇಲೂ ಕೆಲವರು ಕೇಳಬಹುದು, ಬಾವಲಿ ಸತ್ತರೆ ನಮಗೇನು ಅಂತ.

ಶಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಎಯಾಲ್ ಫ್ರಾಂಕ್ ಇದನ್ನೇ ಲೆಕ್ಕ ಹಾಕಿದರು. 2024ರ ಸೆಪ್ಟೆಂಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯ್ತು. ಅವರು ಮಾಡಿದ್ದು ಇಷ್ಟು. ರೋಗ ಎಲ್ಲ ಕೌಂಟಿಗಳಿಗೂ, ಅಂದ್ರೆ ನಮ್ಮ ಜಿಲ್ಲೆಗಳಂಥ ಪ್ರದೇಶಗಳಿಗೆ, ಒಂದೇ ವರ್ಷ ಬರಲಿಲ್ಲ. ಬಂದ ಕೌಂಟಿ, ಇನ್ನೂ ಬರದ ಕೌಂಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬಾವಲಿ ಸತ್ತ ಕಡೆ ಹುಳ ತಿನ್ನೋರು ಇಲ್ಲ. ರೈತ ಏನು ಮಾಡ್ತಾನೆ? ಔಷಧಿ ಹೊಡೀತಾನೆ. ಅಂಥ ಕಡೆ ಕೀಟನಾಶಕದ ಬಳಕೆ ನೂರಕ್ಕೆ 31ರಷ್ಟು ಏರಿತ್ತು. ಅದೇ ಕೌಂಟಿಗಳಲ್ಲಿ ಶಿಶುಮರಣ ನೂರಕ್ಕೆ 8ರಷ್ಟು ಹೆಚ್ಚಿತ್ತು. ಅಪಘಾತ, ಕೊಲೆಯಂಥ ಸಾವುಗಳನ್ನು ಬಿಟ್ಟು ಹಾಕಿದ ಲೆಕ್ಕ ಇದು. ಒಟ್ಟು ಹೆಚ್ಚುವರಿ ಸಾವು 1,334 ಶಿಶುಗಳು ಅಂತ ಅವರ ಅಂದಾಜು.

ಇದು ಅಂಕಿಅಂಶದ ಹೋಲಿಕೆಯಿಂದ ಬಂದ ಅಂದಾಜು. ಇಂಥ ಮಗು ಇಂಥ ಔಷಧಿಯಿಂದಲೇ ಸತ್ತಿತು ಅಂತ ಇದು ಹೇಳೋದಿಲ್ಲ. ಆದರೆ ಇತರ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸಿದ ಮೇಲೂ ಅದೇ ಚಿತ್ರ ಉಳಿಯಿತು. ಗುಹೆಯೊಳಗಿನ ಬೂಷ್ಟಿಗೂ ಊರೊಳಗಿನ ತೊಟ್ಟಿಲಿಗೂ ಇಂಥ ನಂಟಿರಬಹುದು ಅಂತ ನಾನಂತೂ ಯೋಚಿಸಿರಲಿಲ್ಲ.

ಇನ್ನು ನಿಪಾ ಥರದ ಭಯ. ಅದು ಸುಳ್ಳಲ್ಲ. ಆದರೆ ಬಾವಲಿಯನ್ನು ಓಡಿಸಿದರೆ ಅಪಾಯವೂ ಓಡಿಹೋಗಲ್ಲ. ಆಸ್ಟ್ರೇಲಿಯಾದಲ್ಲಿ ಹೆಂಡ್ರಾ ಅನ್ನೋ ವೈರಸ್ ಹಣ್ಣುಬಾವಲಿಗಳಿಂದ ಕುದುರೆಗಳಿಗೆ ದಾಟುತ್ತೆ. ಇಪ್ಪತ್ತೈದು ವರ್ಷಗಳ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನ 2022ರಲ್ಲಿ ಬಂತು. ಕಾಡು ಕಡಿದು, ಹೂವು ಸಿಗದೆ ಬಾವಲಿಗಳು ಹಸಿದು ಊರಿಗೆ ಬಂದ ಕಾಲದಲ್ಲೇ ವೈರಸ್ ದಾಟೋದು ಹೆಚ್ಚು. ಚಳಿಗಾಲದಲ್ಲಿ ಕಾಡು ಚೆನ್ನಾಗಿ ಹೂ ಬಿಟ್ಟ ವರ್ಷಗಳಲ್ಲಿ ದಾಟಲೇ ಇಲ್ಲ. ಹೊಟ್ಟೆ ತುಂಬಿದ ಬಾವಲಿ ತನ್ನ ಪಾಡಿಗೆ ಇರುತ್ತೆ.

ಈಗ ಕೋಲಾರಕ್ಕೆ ಬರೋಣ. ಬಿಳಿಮೂಗಿನ ರೋಗಕ್ಕೆ ಬೇಕಾದ ಉದ್ದನೆಯ ಚಳಿನಿದ್ದೆ ನಮ್ಮ ಬಯಲುಸೀಮೆಯ ಬಾವಲಿಗಳಿಗಿಲ್ಲ. ಹಾಗಾಗಿ ಇದೇ ರೋಗ ಇಲ್ಲಿಗೆ ಬರುತ್ತೆ ಅಂತ ಹೆದರಿಸೋದು ನನ್ನ ಉದ್ದೇಶ ಅಲ್ಲ. ಆದರೆ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಂಡೆಗವಿಯಲ್ಲಿ ಒಂದು ಬಗೆಯ ಎಲೆಮೂಗಿನ ಬಾವಲಿ ಇದೆ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಜಾತಿ. ಪ್ರಪಂಚದಲ್ಲಿ ಬೇರೆಲ್ಲೂ ಅದು ಇರುವುದು ಗೊತ್ತಿಲ್ಲ. ಇರೋದು ಇನ್ನೂರರೊಳಗೆ. ತೀವ್ರ ಅಳಿವಿನಂಚಿನ ಪಟ್ಟಿಯಲ್ಲಿದೆ. ಇಡೀ ಒಂದು ಕುಲ ಒಂದೇ ಸೂರಿನಡಿ. ನ್ಯೂಯಾರ್ಕಿನಲ್ಲಿ ಲಕ್ಷಗಳಿದ್ದವು, ಆದ್ದರಿಂದ ನೂರಕ್ಕೆ ತೊಂಬತ್ತು ಹೋದರೂ ಹತ್ತು ಉಳಿದವು. ಇಲ್ಲಿ ಹಾಗೇನಾದರೂ ಆದರೆ ಉಳಿಯೋದು ಬೆರಳೆಣಿಕೆ. ಯಾವ ಕಾಯಿಲೆ, ಯಾವಾಗ ಅಂತ ಕಾಯುತ್ತಾ ಕೂರೋದಕ್ಕಿಂತ ಆ ಗವಿಯನ್ನು ಅದರ ಪಾಡಿಗೆ ಬಿಡೋದು, ಸುತ್ತ ಕಲ್ಲು ಒಡೆಯದಿರೋದು ನಮ್ಮ ಕೈಯಲ್ಲಿದೆ.

ನೀವು, ನಾನು ಏನು ಮಾಡಬಹುದು? ದೊಡ್ಡದೇನೂ ಇಲ್ಲ. ಬಾವಲಿಗಳಿರುವ ಗುಹೆ, ಹಳೇ ಕೋಟೆಯ ಸುರಂಗಕ್ಕೆ ರೀಲ್ಸ್ ಮಾಡೋಕೆ ನುಗ್ಗಬೇಡಿ. ಹೊಗೆ ಹಾಕಬೇಡಿ, ಪಟಾಕಿ ಹಚ್ಚಬೇಡಿ. ಗುಹೆ ಸುತ್ತುವ ಹವ್ಯಾಸ ಇದ್ದರೆ ಒಂದು ಗುಹೆಯ ಬೂಟನ್ನು ತೊಳೆಯದೆ ಇನ್ನೊಂದಕ್ಕೆ ಹಾಕಿಕೊಂಡು ಹೋಗಬೇಡಿ. ವಿದೇಶದಿಂದ ಬರುವಾಗ ಅಂತೂ ಇದು ಕಡ್ಡಾಯ ಅಂದುಕೊಳ್ಳಿ. ಬಿದ್ದಿರುವ ಬಾವಲಿಯನ್ನು ಬರಿಗೈಲಿ ಎತ್ತಬೇಡಿ, ಅದು ನಿಮಗೂ ಒಳ್ಳೇದಲ್ಲ, ಅದಕ್ಕೂ ಅಲ್ಲ. ಕಚ್ಚಿದರೆ ತಕ್ಷಣ ಸೋಪು ಹಚ್ಚಿ ತೊಳೆದು ಆಸ್ಪತ್ರೆಗೆ ಹೋಗಿ. ರಾತ್ರಿ ಮನೆಯೊಳಗೆ ಬಂದರೆ ದೀಪ ಆರಿಸಿ, ಕಿಟಕಿ ತೆಗೆದಿಡಿ. ತಾನೇ ಹೋಗುತ್ತೆ.

ನ್ಯೂಯಾರ್ಕಿನ ಕೆಲವು ಗುಹೆಗಳಲ್ಲಿ ಅಳಿದುಳಿದ ಬಾವಲಿಗಳ ಸಂಖ್ಯೆ ಈಗ ಕುಸಿಯೋದು ನಿಂತಿದೆ. ಹೆಚ್ಚಾಗಿಲ್ಲ, ನಿಂತಿದೆ ಅಷ್ಟೇ. ಪ್ರತಿ ಹೆಣ್ಣೂ ವರ್ಷಕ್ಕೊಂದು ಮರಿ ಹಾಕುತ್ತಾ, ಮೆಲ್ಲಗೆ. ಆ ಗುಹೆಗಳ ಬಾಗಿಲಲ್ಲಿ ಕಬ್ಬಿಣದ ಸರಳಿನ ಗೇಟುಗಳಿವೆ. ಸರಳಿನ ನಡುವೆ ಬಾವಲಿ ಹಾರಿಹೋಗುವಷ್ಟು ಜಾಗ ಬಿಟ್ಟಿದ್ದಾರೆ, ಮನುಷ್ಯ ನುಸುಳುವಷ್ಟು ಬಿಟ್ಟಿಲ್ಲ.

ಪ್ರಶ್ನೆ ಕೇಳಿದ ಆ ಕೇಳುಗರಿಗೆ ವಂದನೆ. ನಿಮ್ಮೂರಿನ ಗವಿ, ದೇವಸ್ಥಾನ, ಆಲದ ಮರದಲ್ಲಿ ಬಾವಲಿಗಳಿದ್ದರೆ ಅವುಗಳ ಬಗ್ಗೆ ನಮಗೆ ಬರೆಯಿರಿ.